ಫ್ರೀಜರಿನ ಬಾಗಿಲಲ್ಲಿ ನನ್ನ ಇಂಗ್ಲಿಷ್

ಮನೆಯಲ್ಲಿ ಒಂದು ಫ್ರಿಜ್ಜು, ಬಿ.ಎ. ಮಾಡಿದ ಒಬ್ಬಳು ನಾದಿನಿ, ಎರಡೂ ಇದ್ದರೆ ತಮಾಷೆ ನೋಡಲು ಹೊರಗೆ ಹೋಗಬೇಕಾಗಿಲ್ಲ.

ಸತ್ತ ಮೀನಿಗೆ ಕೋಣೆ

ಹೆಂಚಿನ ಕಾರ್ಖಾನೆಯ ಬಿಳಿ ದೊರೆಯೊಬ್ಬ ತನ್ನ ದೇಶಕ್ಕೆ ಹೊರಟಾಗ ಮಾರಿದ ಫ್ರಿಜ್ಜು ದೇರೆಬೈಲಿನ ನಮ್ಮ ಮನೆಗೆ ಬಂತು. ಮಳೆ ಹಿಡಿದರೆ ದೋಣಿಗಳು ಕಡಲಿಗೆ ಇಳಿಯುವುದಿಲ್ಲ, ಮತ್ತೆ ಒಣಮೀನೇ ಗತಿ. ಅದಕ್ಕೇ ಮೇ ತಿಂಗಳ ಕೊನೆಗೆ ಬಂದರಿಗೆ ಹೋಗಿ ಅಂಜಲ್, ಬಂಗುಡೆ, ಸಿಗಡಿ ತಂದು, ಶುಚಿ ಮಾಡಿ, ಫ್ರೀಜರಿನಲ್ಲಿ ಸಂದು ಬಿಡದೆ ತುಂಬಿಸಿದೆ.

ಅತ್ತೆ ಬಗ್ಗಿ ನೋಡಿದರು. "ಸತ್ತ ಮೀನಿಗೆ ಇಷ್ಟು ತಂಪು ಕೋಣೆ. ನನಗೆ ಒಂದು ಫ್ಯಾನ್ ಇಲ್ಲ."

"ನೀವೂ ಹೋಗಿ ಅತ್ತೆ, ಬಂಗುಡೆಯನ್ನು ಸ್ವಲ್ಪ ಆಚೆ ಸರಿಸ್ತೇನೆ" ಎಂದು ಬಾಯಿಗೆ ಬಂತು, ನುಂಗಿಕೊಂಡೆ. ಸುಳ್ಳು ಯಾಕೆ, ಹೇಳಿಯೇಬಿಟ್ಟೆ.

ಉದ್ದದ ವಾಕ್ಯ

ಜುಲೈಯಲ್ಲಿ ಇವರ ಆಫೀಸಿಗೆ ಕಲ್ಕತ್ತದ ಹೊಸ ಮ್ಯಾನೇಜರ್ ಬಂದರು. ಗಂಡ ಹೆಂಡತಿ ಇಬ್ಬರನ್ನೂ ಊಟಕ್ಕೆ ಕರೆದದ್ದಾಯಿತು. ಇಂಗ್ಲಿಷ್ ಬಿಟ್ಟರೆ ಅವರೊಂದಿಗೆ ಮಾತಿಲ್ಲ.

"ಅತ್ತಿಗೆ, ನೀವು ಬಡಿಸಿ ಸಾಕು. ಮಾತು ನಾನು ಆಡ್ತೇನೆ. ನಿಮ್ಮ ಇಂಗ್ಲಿಷಿನಿಂದ ಅಣ್ಣನ ಮರ್ಯಾದೆ ಹೋಗ್ತದೆ" ಎಂದಳು ನಾದಿನಿ. ಇವರು ಪೇಪರಿನಿಂದ ತಲೆ ಎತ್ತಲಿಲ್ಲ. ನನ್ನ ಮನೆಯಲ್ಲಿ ನಾನೇ ಮೂಕಿ!

ಅವಳು ಎರಡು ದಿನ ಉರು ಹೊಡೆದಳು: "ಅವರ್ ರೆಫ್ರಿಜರೇಟರ್ ಈಸ್ ರಿಪ್ಲೀಟ್ ವಿತ್ ಮರೀನ್ ಡೆಲಿಕಸೀಸ್."

"ಹಾಗೆಂದರೆ ಎಂತ?"

"ಫ್ರಿಜ್ಜಿನಲ್ಲಿ ತುಂಬ ಮೀನು ಉಂಟು ಅಂತ."

"ಬಾಗಿಲು ತೆರೆದು ಇಷ್ಟುದ್ದ ಹೇಳುವಾಗ ಐಸು ಕರಗಿ ಮೀನು ಈಜಲಿಕ್ಕೆ ಶುರು ಮಾಡ್ತದೆ ಮಾರಾಯ್ತಿ."

ಮೇಡಂ ಕೇಳಿದ ಪ್ರಶ್ನೆ

ಮ್ಯಾನೇಜರರ ಮೇಡಂ ಬಂದು ಕೂತವರೇ ಇಂಗ್ಲಿಷಿನಲ್ಲಿ ಗೋಳು ಹೇಳಿಕೊಂಡರು: ಕಡಲಿನ ಊರಿಗೆ ಬಂದು ತಿಂಗಳಾಯಿತು, ಮೀನಿನ ಮುಖ ನೋಡಿಲ್ಲ, ದಿನಾ ಆಲೂಗಡ್ಡೆ. ನನಗೆ ಎಲ್ಲವೂ ಅರ್ಥವಾಯಿತು. ಬಂಗಾಳದವರಿಗೆ ಮೀನಿಲ್ಲದಿದ್ದರೆ ನಮ್ಮ ಹಾಗೆಯೇ, ಊಟ ಇಳಿಯುವುದಿಲ್ಲ.

ನಾದಿನಿ ಎದ್ದು ನಿಂತು ತನ್ನ ವಾಕ್ಯ ಒಪ್ಪಿಸಿದಳು. "ವಾಟ್ ಫಿಶ್?" ಎಂದರು ಮೇಡಂ. ನಾದಿನಿ ಮಾಡಿನ ಹೆಂಚು ನೋಡಿದಳು. ಹುರಿದು ತಟ್ಟೆಗೆ ಹಾಕಿದ ಮೇಲೆ ಮಾತ್ರ ಅವಳಿಗೆ ಮೀನಿನ ಪರಿಚಯ.

ನಾನು ಸೊಂಟದ ಮೇಲಿದ್ದ ನಮ್ಮ ಮಗುವನ್ನು ಇವರ ಮಡಿಲಿಗೆ ಹಾಕಿ, ಮೇಡಂ ಕೈ ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋಗಿ ಫ್ರೀಜರ್ ತೆರೆದೆ. ಉಳಿದವರೂ ಹಿಂದೆಯೇ ಬಂದರು.

"ದಿಸ್ ಬಿಗ್ ಫಿಶ್, ಫ್ರೈ. ದಿಸ್ ಸ್ಮಾಲ್ ಫಿಶ್, ಕರಿ. ದಿಸ್ ಪ್ರಾನ್ಸ್. ಹೆಡ್ ಕಟ್, ಸ್ಟಮಕ್ ಕ್ಲೀನ್. ಬಿಹೈಂಡ್ ಆಲ್ಸೋ ಫಿಶ್. ಅಂಡರ್ ಆಲ್ಸೋ ಫಿಶ್. ಟುಡೇ ಯು ಈಟ್. ಟುಮಾರೋ, ಯು ಟೇಕ್ ಹೋಮ್."

ಮೇಡಂ ಕಣ್ಣಲ್ಲಿ ನೀರು.

"ಮೇಡಂ, ವಾಟ್ ಶೀ ಮೀನ್ಸ್ ಈಸ್..." ಎಂದು ನಾದಿನಿ ನಡುವೆ ಬಾಯಿ ಹಾಕಿದಳು.

"ಪ್ಲೀಸ್, ಲೆಟ್ ಹರ್ ಟಾಕ್" ಎಂದರು ಮೇಡಂ, ಅಂಜಲಿನಿಂದ ಕಣ್ಣು ತೆಗೆಯದೆ.

ಮ್ಯಾನೇಜರ್ ನಕ್ಕರು. ಈ ಊರಿಗೆ ಬಂದ ಮೇಲೆ ಇಷ್ಟು ಸ್ಪಷ್ಟವಾದ ಇಂಗ್ಲಿಷ್ ಕೇಳಿಲ್ಲ, ನಿಮ್ಮ ಹೆಂಡತಿ ಎಲ್ಲಿಯವರೆಗೆ ಓದಿದ್ದಾರೆ ಎಂದು ಇವರನ್ನು ಕೇಳಿದರು. ಇವರು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ:

"ಟೆಂತ್ ಪಾಸ್, ಸರ್. ಶೀ ಓನ್ಲಿ ಬಿ.ಎ. ಸ್ಲೋಲಿ ಶೀ ವಿಲ್ ಲರ್ನ್."