ಮನೆ ತೋರಿಸದ ಬ್ರೋಕರ್

ನನ್ನ ಸೋದರಮಾವನಂಥ ಮನೆ ಬ್ರೋಕರ್ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿನಲ್ಲಿ ಇನ್ನೊಬ್ಬನಿರಲಿಲ್ಲ. ಇದ್ದಿದ್ದರೆ ಅಲ್ಲಿ ಒಬ್ಬರಿಗೂ ಸ್ವಂತ ಮನೆ ಆಗುತ್ತಿರಲಿಲ್ಲ! ತೊಂಬತ್ತರ ದಶಕದಲ್ಲಿ ಪೇಟೆಯ ಅಂಚಿನಲ್ಲೆಲ್ಲ ಸೈಟುಗಳೆದ್ದು, ಸಹಿ ಹಾಕಲು ಬಾರದವರೂ ಬ್ರೋಕರಾಗಿ ಕಾರು ಕೊಂಡರು. ಈ ಮಹಾಶಯ ಹಳೆಯ ಸೈಕಲ್ಲಿಗೆ ಹೊಸ ಸೀಟು ಹಾಕಿಸಿದ. ಅದೇ ಅವನ ಏಳಿಗೆ.

ಕಾರಣ? ಅವನು ಗಿರಾಕಿಗೆ ಮನೆ ತೋರಿಸುತ್ತಲೇ ಇರಲಿಲ್ಲ. ಪಕ್ಕದ ಮನೆಯವರನ್ನು ತೋರಿಸುತ್ತಿದ್ದ! ಸೀದಾ ಅವರ ಜಗುಲಿ ಹತ್ತಿ, ನಾಚಿಕೆಯಿಲ್ಲದೆ ಕಷಾಯ ಕೇಳಿ, ಗಿರಾಕಿಯನ್ನೂ ಕೂರಿಸಿಕೊಂಡು ತಾಸುಗಟ್ಟಲೆ ಹರಟೆ. ‘ಮನೇಲಿ ನೋಡದು ಎಂತ ಇದ್ದು ಮಾರಾಯ? ನಾಕು ಗೋಡೆ. ಗೋಡೆ ಹತ್ರ ಮಾತಾಡಲಾಗ್ತಾ?’ ಎನ್ನುವುದು ಅವನ ವೇದಾಂತ.

ಬನವಾಸಿ ಕಡೆಯ ವ್ಯಾಪಾರಿಯೊಬ್ಬರು ಎರಡನೆಯ ಲೋಟ ಕಷಾಯಕ್ಕೆ ಸಿಡಿದೆದ್ದರು. ‘ಏನ್ರಿ, ಮನಿ ತೋರಸ್ರಿ ಅಂದ್ರ ಮಂದಿ ತೋರಸಾಕತ್ತೀರಲ್ರಿ! ಇವರನ್ನೇನ್ ಕೊಂಡ್ಕೊಳ್ಳೂದೈತೇನು?’

‘ಇಲ್ರಿ, ಇವರು ಪುಕ್ಕಟೆ,’ ಎಂದ ಮಾವ. ವ್ಯಾಪಾರಿ ಚಪ್ಪಲಿ ಹುಡುಕಿದರು.

ಯಲ್ಲಾಪುರದಲ್ಲಂತೂ ಮನೆ ಕೊಳ್ಳಲು ಬಂದ ಮೇಷ್ಟರಿಗೆ ನೆರೆಯವರು ಎಷ್ಟು ಹಿಡಿಸಿದರೆಂದರೆ, ಮಗಳನ್ನೇ ಅವರ ಮಗನಿಗೆ ಕೊಟ್ಟರು. ಆಮೇಲೆ ಬೀಗರ ಪಕ್ಕದಲ್ಲಿ ಇರುವುದು ಚೆನ್ನಲ್ಲ ಎಂದು ಮನೆ ಕೈಬಿಟ್ಟರು! ಮಾವನಿಗೆ ದಕ್ಕಿದ್ದು ಮದುವೆ ಊಟ.

ಇಂಥವನ ಕೈಗೆ ನನ್ನ ಅಕ್ಕ ಸಿಕ್ಕಳು. ಗಂಡನ ಹೊಡೆತ ತಾಳಲಾರದೆ ತವರಿಗೆ ಬಂದಿದ್ದಳು. ಸಿದ್ದಾಪುರದಲ್ಲಿ ಹೊಲಿಗೆ ಅಂಗಡಿ ಹಾಕಿ, ಒಂದು ಪುಟ್ಟ ಮನೆ ಮಾಡಿ, ಯಾರ ಹಂಗೂ ಇಲ್ಲದೆ ಇರಬೇಕೆಂಬುದು ಅವಳ ಹಟ. ನಮ್ಮ ಮಾವ ಏನು ಮಾಡಬೇಕು? ಕಂಡ ಕಂಡ ನೆರೆಮನೆ ಹೊಕ್ಕು, ‘ಇದು ಎನ್ನ ಅಕ್ಕನ ಮಗಳು. ಗಂಡನ್ನ ಬಿಟ್ಟು ಬೈಂದು. ಇಲ್ಲಿ ಒಬ್ಬಳೇ ಇರ್ತು,’ ಎಂದು ಹೇಳುತ್ತ ಹೋದ! ಕೇಳಿದವರ ಮುಖ ಬಿಗಿದುಕೊಳ್ಳುತ್ತಿತ್ತು. ಇವನು ಅರ್ಧ ಕಷಾಯ ಬಿಟ್ಟು ಏಳುತ್ತಿದ್ದ. ಅಕ್ಕ ನೆಲ ನೋಡುತ್ತ ಹಿಂದೆ ಬರುತ್ತಿದ್ದಳು.

ಜೊತೆಗಿದ್ದ ನನಗೆ ಮೈಯೆಲ್ಲ ಉರಿಯಿತು. ‘ಊರಿಗೆಲ್ಲಾ ಡಂಗುರ ಹೊಡಿತ್ಯಾ ಮಾವ?’

‘ಇವತ್ತು ಆನು ಹೇಳದಿದ್ರೆ ನಾಳೆ ನೆರೆಮನೆಯವ್ರೇ ಪಿಸುಪಿಸು ಹೇಳ್ತ. ಯಾವ್ದು ಚೊಲೋ, ಮಾಣಿ?’

ಇದೂ ಒಂದು ವ್ಯವಹಾರವೇ! ಕೊನೆಗೊಂದು ಜಗುಲಿಯಲ್ಲಿ ಅಜ್ಜಿಯೊಬ್ಬರು ತೊಂಡೆಕಾಯಿ ಹೆಚ್ಚುತ್ತಿದ್ದರು. ನಮಗೆಲ್ಲ ಕಷಾಯ ಕೊಟ್ಟು ಮತ್ತೆ ಹೆಚ್ಚುತ್ತ ಕುಳಿತರು. ಮಾವ ಅದೇ ಮಂತ್ರ ಹೇಳಿದ. ಅಜ್ಜಿ ಕತ್ತಿ ನಿಲ್ಲಿಸಿ ಅಕ್ಕನನ್ನು ನೋಡಿದರು.

‘ಒಬ್ಬಳೇ ಎಂತಕ್ಕೆ? ಆನು ಇಲ್ಯಾ ಇಲ್ಲಿ?’

ಅಕ್ಕನ ಕಣ್ಣು ತುಂಬಿತು. ಅಜ್ಜಿಯ ಪಕ್ಕದಲ್ಲಿ ಹೋಗಿ ಕುಳಿತು, ಬುಟ್ಟಿಯನ್ನು ತನ್ನತ್ತ ಎಳೆದುಕೊಂಡು, ‘ಕೊಡಿ ಅಜ್ಜಿ, ಆನು ಹೆಚ್ಚಿಕೊಡ್ತೆ,’ ಎಂದಳು. ತವರಿಗೆ ಬಂದ ಮೇಲೆ ಹೊರಗಿನವರೆದುರು ಅವಳು ತಲೆಯೆತ್ತಿ ಆಡಿದ ಮೊದಲ ಮಾತು ಅದು. ಮಾವ ಮುಖಕ್ಕೆ ಅಡ್ಡವಾಗಿ ಲೋಟ ಹಿಡಿದು ತುಂಬ ಹೊತ್ತು ಕಷಾಯ ಕುಡಿದ. ಅದು ಆಗಲೇ ಖಾಲಿಯಾಗಿತ್ತು.