ಮುಚ್ಚಳ ತಿರುಗಿಸುವ ಕೂಸು

ಗಾಜಿಗೆ ಮಸುಕು ಹಿಡಿದದ್ದೇ ಎಲ್ಲ ರಗಳೆಗೂ ಮೂಲ. ಕಲ್ಲೋಳಿಯ ಆ ಪಡಸಾಲೆಯಲ್ಲಿ ತೂಗುತ್ತಿದ್ದ ಚಿತ್ರವನ್ನು ನೋಡಲು ಅಂದು ಧಾರವಾಡದಿಂದ ಸೋಮಶೇಖರ ಮಾಸ್ತರು ಬರುವವರಿದ್ದರು. ಚಿತ್ರಕಲೆ ಕಲಿಸುವವರು, ಹಳೆಯ ಚಿತ್ರಗಳ ಒಳಹೊರಗು ಬಲ್ಲವರು. ತ್ರಿಶಲಾ ಬೆಳಿಗ್ಗೆಯೇ ಚೌಕಟ್ಟು ಬಿಚ್ಚಿ, ಚಿತ್ರವನ್ನು ಮಂಚದ ಮೇಲೆ ಮಲಗಿಸಿ, ಗಾಜು ಒರೆಸುತ್ತ ಕೂತಳು.

ಯಮಕನಮರಡಿಯ ತವರಿನಲ್ಲಿ ಪಾಲಾಗುವಾಗ ಯಾರೂ ಕೇಳದ ಆ ಚಿತ್ರವನ್ನು ಅವಳು ಎತ್ತಿಕೊಂಡು ಬಂದಿದ್ದಳು. ೧೮೮೧ರಲ್ಲಿ ಯಾರೋ ಜಲವರ್ಣದಲ್ಲಿ ಬರೆದದ್ದಂತೆ. ಉಡಿದಾರ ಬಿಟ್ಟರೆ ಮೈಮೇಲೆ ಏನೂ ಇಲ್ಲದ ಕೂಸೊಂದು ಕುಕ್ಕರಗಾಲಲ್ಲಿ ಕೂತು ಹಿತ್ತಾಳೆ ಮುಚ್ಚಳವನ್ನು ಬುಗುರಿಯಂತೆ ನೆಲದ ಮೇಲೆ ತಿರುಗಿಸುತ್ತಿದೆ. ಆಟದ ಗುಂಗಿನಲ್ಲಿ ನಾಲಿಗೆಯ ತುದಿ ತುಟಿಯಂಚಿಗೆ ಬಂದಿದೆ. ಮುಚ್ಚಳ ಇನ್ನೇನು ಬೀಳಬೇಕು. ನೂರು ವರ್ಷ ದಾಟಿದರೂ ಬಿದ್ದಿಲ್ಲ. ರೊಟ್ಟಿ ಬಡಿಯುತ್ತ ಒಮ್ಮೆ ಬಾಗಿಲಾಚೆ ಹಣಕಿ ಅದನ್ನು ನೋಡಿದರೆ, ಈ ಮನೆಯಲ್ಲಿ ತನ್ನ ಕಡೆಯವರೂ ಒಬ್ಬರಿದ್ದಾರೆ ಅನ್ನಿಸುತ್ತಿತ್ತು ಅವಳಿಗೆ.

ಅತ್ತೆ ಜಿನ್ನವ್ವನಿಗೆ ಹಾಗನ್ನಿಸಿರಲಿಲ್ಲ. "ಯಾರದೋ ಕೂಸು, ನಮ್ಮ ಗ್ವಾಡಿ ಮ್ಯಾಲ ಯಾಕ? ಮಾಸ್ತರು ಖೊಟ್ಟಿ ಅಂದ್ರ ಇವತ್ತ ಟ್ರಂಕಿಗೆ ಹಾಕೂದು. ಖರೆ ಅಂದ್ರ ಇರಲಿ," ಎಂದು ತೀರ್ಪು ಕೊಟ್ಟಿದ್ದಳು.

ಮಾಸ್ತರು ಬರುವ ಸುದ್ದಿ ಓಣಿಗೆ ಹೇಗೆ ಮುಟ್ಟಿತೋ. ಶೆಟ್ಟೆವ್ವ ಸಕ್ಕರೆ ಕೇಳುವ ನೆಪದಲ್ಲಿ ಬಂದಳು; ಯಮನವ್ವ ನೆಪವಿಲ್ಲದೆಯೇ ಬಂದಳು. ಅವರ ಹಿಂದೆ ಮತ್ತಷ್ಟು ಹೆಂಗಸರು. ಮಂಚದ ಸುತ್ತ ಬಾಣಂತಿ ಕೋಣೆಯ ಗದ್ದಲ.

"ಹಿಮ್ಮಡ ನೋಡ್ರಿ, ಬೆಣ್ಣಿ ಉಂಡಿ ಇದ್ದಂಗ ಐತಿ," ಅಂದಳು ಶೆಟ್ಟೆವ್ವ. "ನಮ್ಮ ಪರಪ್ಪ ಸಣ್ಣಾವ ಇದ್ದಾಗ ಹಿಂಗ ಇದ್ದ."

"ಈಗಿನ ಪರಪ್ಪನ್ನ ನೋಡಿದ್ರ ಹಂಗ ಅನಸೂದಿಲ್ಲ ಬಿಡು," ಅಂದಳು ಯಮನವ್ವ. "ಆ ನೆರಳ ನೋಡು. ಇನ್ನೂ ಹಸಿ ಐತೇನೋ ಅನಸ್ತೈತಿ."

ದೂರ ಕೂತಿದ್ದ ಜಿನ್ನವ್ವನಿಗೆ ಹೊಗಳಿಕೆ ಏರಿದಂತೆಲ್ಲ ಚಡಪಡಿಕೆ ಏರಿತು. ಕಡೆಗೆ ತಡೆಯದೆ ಎದ್ದು ಒಳಗೆ ಹೋಗಿ ಬಂದವಳೇ, ಹೆಂಗಸರನ್ನು ಸರಿಸಿ, ಕಿರುಬೆರಳಿನ ಕಾಡಿಗೆಯನ್ನು ಕೂಸಿನ ಕೆನ್ನೆಗೆ ಒತ್ತಿಬಿಟ್ಟಳು.

"ಅತ್ತೀ, ಏನ ಮಾಡಿದ್ರಿ?" ತ್ರಿಶಲಾಳ ಕೈಯಿಂದ ಗಾಜು ಜಾರಿ ಚೂರಾಯಿತು.

"ಇಷ್ಟ ಮಂದಿ ಕಣ್ಣ ಬಿದ್ರ ಕೂಸಿಗೆ ನೆದರ ಆಗೂದಿಲ್ಲೇನ?"

ಯಮನವ್ವ ಒದ್ದೆ ಅರಿವೆ ಹಿಡಿದು ಓಡಿ ಬಂದಳು. ತ್ರಿಶಲಾ ಮರಿಗಳ ಮೇಲೆ ಕೋಳಿ ಕವುಚಿದಂತೆ ಚಿತ್ರದ ಮೇಲೆ ಬಾಗಿದಳು. "ನೀರ ಹಚ್ಚಬ್ಯಾಡ್ರಿ, ಕೂಸ ತೊಳಕೊಂಡ ಹೋಗ್ತೈತಿ." ಶೆಟ್ಟೆವ್ವ ಸಂದಿಯಲ್ಲಿ ಕೈ ತೂರಿಸಿ ರೊಟ್ಟಿಯ ಮೆತ್ತನೆಯ ತುಣುಕಿನಿಂದ ಒತ್ತಿ ನೋಡಿದಳು. ಸಾಸಿವೆಯಷ್ಟಿದ್ದ ಬೊಟ್ಟು ಕಡಲೆಯಷ್ಟಾಯಿತು.

ಅಷ್ಟರಲ್ಲಿ, ಘಟಪ್ರಭಾದಲ್ಲಿ ರೈಲಿಳಿದ ಮಾಸ್ತರು ಬಾಗಿಲಿಗೇ ಬಂದರು. ಭೂತಗನ್ನಡಿ ಹಿಡಿದು ಬಗ್ಗಿದವರು ಬಹಳ ಹೊತ್ತು ಮೇಲೇಳಲಿಲ್ಲ.

"ಕಾಡಿಗಿ ಇವತ್ತಿಂದು," ಅಂದರು ಕೊನೆಗೆ. "ಕೂಸು ಖರೇನ ಹಳೇದು. ತಂಗೀ, ಇಂಥಾ ಕೈ ನಾ ನೋಡಿಲ್ಲ. ಎರಡ ಸರ್ತಿ ಕುಂಚ ಆಡಿಸಿ ಮುಚ್ಚಳಕ್ಕ ಜೀವಾ ಕೊಟ್ಟಾನ."

ತ್ರಿಶಲಾ ಅತ್ತೆಯತ್ತ ನೋಡಿದಳು. ಜಿನ್ನವ್ವ ಆಗಲೇ ಗೋಡೆಯ ಮೊಳೆ ಗಟ್ಟಿಯಿದೆಯೇ ಎಂದು ಜಗ್ಗಿ ನೋಡುತ್ತಿದ್ದಳು.

"ಗ್ವಾಡಿಗೆ ಮಾತ್ರ ಹಾಕಬ್ಯಾಡ್ರಿ," ಅಂದರು ಮಾಸ್ತರು. "ಜಲವರ್ಣಕ್ಕ ಬೆಳಕ ಆಗೂದಿಲ್ಲ. ದಿನಾ ಒಂದೀಟ ಬಣ್ಣ ಹೋಗಿ ಕಡೀಕ ಬರೇ ಹಾಳಿ ಉಳೀತೈತಿ. ಖೊಟ್ಟಿ ಇದ್ದಿದ್ರ ಎಲ್ಲ್ಯರ ತೂಗಹಾಕ್ರಿ ಅಂತಿದ್ದೆ. ಖರೇದು ಐತಿ. ಅರಿವ್ಯಾಗ ಸುತ್ತಿ ಟ್ರಂಕಿನ್ಯಾಗ ಇಡ್ರಿ. ವರ್ಷಕ್ಕೊಮ್ಮೆ ತಗದ ನೋಡಿದ್ರ ಸಾಕು."

ಗೆದ್ದೆನೋ ಸೋತೆನೋ ತ್ರಿಶಲಾಗೆ ತಿಳಿಯಲಿಲ್ಲ.

ಜಿನ್ನವ್ವ ಮೊಳೆ ಬಿಟ್ಟು, ತಲೆಯ ಮೇಲೆ ಸೆರಗೆಳೆದುಕೊಂಡು, ಮಾಸ್ತರ ಹತ್ತಿರ ಬಂದು ದನಿ ತಗ್ಗಿಸಿದಳು. "ಚಾ ಕುಡೀರಿ ಸಾಹೇಬ್ರ. ಕುಡದು ಇನ್ನೊಮ್ಮೆ ಚಲೋತಂಗ ನೋಡ್ರಿ. ಎಲ್ಲ್ಯರ ಚೂರ ಖೊಟ್ಟಿ ಇದ್ದೀತು."