ಬೆಳ್ಳಿ ಹನಿ ಹಚ್ಚೂ ಅಂಗಡಿ

ನನ್ನ ಅಂಗಡಿಗೆ ಬಂದವರು ನಗೂದು ಆಮ್ಯಾಲೆ, ಮೊದಲ ಬೆಚ್ಚಿ ಬೀಳ್ತಾರ. ಬೆಟಗೇರ್ಯಾಗ ಲ್ಯಾಪ್‌ಟಾಪು, ಗೇಮ್ ಆಡೂ ಪೆಟಿಗಿ ರಿಪೇರಿ ಮಾಡಾಕಿ ನಾನು. ಕಾಯ್ದು ಕಾಯ್ದು ಬಂದ್ ಬೀಳೂ ಮಶೀನಿನ ಚಿಪ್ ಮ್ಯಾಲೆ ಲಿಕ್ವಿಡ್ ಮೆಟಲ್ ಹಚ್ಚತೀನಿ. ನೋಡಾಕ ಪಾದರಸ ಇದ್ದಂಗ ಇರ್ತೈತಿ, ಖರೆ ಪಾದರಸ ಅಲ್ಲ. ಚಿಪ್ಪಿನ ಕಾವು ಎಳಕೊಂಡು ಮ್ಯಾಲಿನ ತಾಮ್ರಕ್ಕ ದಾಟಸ್ತೈತಿ, ಅಷ್ಟ. ಆದ್ರ ಮೇಜು ಸ್ವಲ್ಪ ಅಲಗಿದ್ರೂ ಆ ಹನಿ ಗಡಗಡ ನಡಗ್ತೈತಿ. ನೋಡಿದ ಮಂದಿ ಹೊರಗ ಹೋಗಿ, "ಆಕಿ ಏನೋ ಸಾಕ್ಯಾಳ್ರಿ" ಅಂತಾರ.

ಖಬರ ಮ್ಯಾಲಿನ ಮನ್ಯಾಗ ಇರೂ ಅಂಗಡಿ ಮಾಲಕಜ್ಜಗ ಮುಟ್ಟಿತು. "ಮಾಟ ಗೀಟ ಅಂತ ಇನ್ನೊಂದ ಮಾತು ಕೇಳಿದ್ರ ಅಂಗಡಿ ಬಿಡಸ್ತೀನವಾ" ಅಂದ. ಹೆಣ್ಣಮಗಳು ಏನ ರಿಪೇರಿ ಮಾಡ್ತಾಳ ಅಂತ ನಾಕು ಕಡೆ ಇಲ್ಲ ಅನಿಸ್ಕೊಂಡ ಮ್ಯಾಲೆ ಸಿಕ್ಕ ಜಾಗಾ ಇದು.

ಉಸಿರು

ಲಕ್ಷ್ಮೇಶ್ವರದ ಮಾಸ್ತರೊಬ್ರ ಲ್ಯಾಪ್‌ಟಾಪ್ ಚಾಲೂ ಮಾಡಿದ್ರ ಸಾಕು, ಫ್ಯಾನು ಹಿಟ್ಟಿನ ಗಿರಣಿಯಂಗ ಒದರತಿತ್ತು. ಹನಿ ಹಚ್ಚಿ ಕೊಟ್ಟೆ. ಮರುದಿನ ಮುಂಜಾನೆ ಅಂಗಡಿ ತಗಿಯೂದ್ರಾಗ ಬಾಗಲಾಗ ನಿಂತಿದ್ರು. ಕೈಯಾಗ ಬಿಳೇ ಧೋತರದಾಗ ಸುತ್ತಿದ ಲ್ಯಾಪ್‌ಟಾಪ್.

"ಏನಾತ್ರಿ ಸರ?"

"ಉಸಿರಾಡವಲ್ದು" ಅಂದ್ರು, ಸಣ್ಣ ದನಿಯಾಗ. "ಬೆಳಕ ಐತಿ, ಅಕ್ಷರ ಬರ್ತಾವ, ಸಪ್ಪಳಿಲ್ಲ. ನಿನ್ನಿ ಮನಿ ಎಷ್ಟ ಸುಮ್ಮಕಾತಂದ್ರ, ಗಂಡಾ ಹೆಂಡ್ತಿ ಅದರ ಮುಂದ ಪಿಸುಪಿಸು ಮಾತಾಡಿದ್ವಿ. ಬೆರಳ ಹಿಡದ ನೋಡಿದೆ, ಗಾಳೀನ ಇಲ್ಲ."

ತಣ್ಣಗ ಐತ್ರಿ, ಫ್ಯಾನು ತಿರಗೂ ಗರಜ ಬಿದ್ದಿಲ್ಲ ಅಂತ ತಿಳಿಸಿ ಹೇಳಿದೆ.

"ತಡೀರಿ ಹಂಗಾರ, ಫೋನ್ ಹಚ್ಚತೀನಿ" ಅಂತ ಗಡಿಬಿಡಿ ಮಾಡಿದ್ರು. "ನಮ್ಮಾಕಿ ಸೂತಕ ಅಂತ ತಲಿ ಮ್ಯಾಲೆ ನೀರ ಹಾಕ್ಕೊಳಾಕ ಬಚ್ಚಲಕ್ಕ ಹೊಂಟಾಳ."

ಅಜ್ಜ ಬರೂ ಜಾಗಾ

ಮುಂಡರಗಿಯ ಫೋಟೋ ಸ್ಟುಡಿಯೋದಾಂವ ಒಬ್ಬ ಮುದುಕಿನ್ನ ಜೋಡಿ ಕರಕೊಂಡ ಬಂದ. ಆಕಿ ಮೊಮ್ಮಗಳ ಮದವಿ ವಿಡಿಯೋ ಹಚ್ಚಿದ್ರ, ಕಂಪ್ಯೂಟರ್ ಪ್ರತಿ ಸಲಾ ಒಂದ ಜಾಗದಾಗ ಬಂದ್ ಬೀಳತಿತ್ತಂತ. ಆಕಿ ತೀರಿಹೋದ ಗಂಡನ ಫೋಟೋ ಬರೂ ಜಾಗಾ ಅದು. ಕರೇ ಪರದೆ ಮ್ಯಾಲೆ ಮೀಸಿ ಮೂಡೂದು, ಖಲ್ಲಾಸ್.

"ಮದವಿ ಅವರಿಗೆ ಮನಸ್ಸಿಗೆ ಬಂದಿಲ್ಲವಾ" ಅಂದ್ಳು ಮುದುಕಿ.

ನಾ ನೋಡಿದೆ. ಸ್ಟುಡಿಯೋದಾಂವ ಪುಣ್ಯಾತ್ಮ ಅದೊಂದ ಜಾಗದಾಗ ಹೂವಿನ ಮಳಿ, ಹೊಗಿ, ಚುಕ್ಕಿ, ಎಲ್ಲಾ ತುರುಕಿದ್ದ. ಮಶೀನು ಕುದ್ದು ಬೀಳತಿತ್ತು. ಹನಿ ಹಚ್ಚಿ ಮತ್ತ ಓಡಸಿದೆ. ಮೀಸಿ ಬಂತು. ಕಣ್ಣು ಬಂದವು. ಪೂರಾ ಮಾರಿ ಬಂದು ನಮ್ಮ ಮೂರೂ ಮಂದಿನ್ನ ದಿಟ್ಟಿಸಿ ನೋಡ್ತು. ಕಾರಣ ಗೊತ್ತಿದ್ದ ನನಗೂ ಮೈಯೆಲ್ಲಾ ಮುಳ್ಳು ಎದ್ದವು. ಆಮ್ಯಾಲೆ ಅಜ್ಜ ಸಾವಕಾಶ ಮಾಯ ಆದ, ಹೂವು ಉದುರಿದವು, ಮದವಿ ಮುಂದ ನಡೀತು.

ಮುದುಕಿ ಕಣ್ಣು ಒರಸ್ಕೊಂಡು ನನ್ನ ಕೈ ಹಿಡದ್ಳು. "ಅವರ ಸಿಟ್ಟ ಇಳಸಾಕ ನಲವತ್ತ ವರ್ಷ ನನ್ನ ಕೈಲೆ ಆಗಲಿಲ್ಲ. ಇನ್ನೊಂದ ಹನಿ ಕೊಡವಾ, ನಮ್ಮತ್ತಿ ಫೋಟೋಕ್ಕೂ ಹಚ್ಚತೀನಿ."

ಕೋಲು

ಆ ಮುದುಕಿ ಹೋಗೂ ಮುಂದ ಎಲ್ಲಾ ಮಾಲಕಜ್ಜನ ಮುಂದ ಹೇಳಿ ಹೋಗಿದ್ಳು. ಆತ ಆಗಿಂದಾಗ ಕೆಳಗ ಬಂದು, ಊರುಗೋಲು ನನ್ನ ಮೇಜಿನ ಮ್ಯಾಲೆ ಅಡ್ಡ ಒಗದು, ಅರ್ಧಾ ತಾಸು ಬೈದ. ಮರುದಿನ ಮಧ್ಯಾಹ್ನ ಶಿರಹಟ್ಟಿಯ ಒಬ್ಬ ಅರಿವಿ-ಬಟ್ಟಿ ವ್ಯಾಪಾರಸ್ಥನಿಗೆ ಜಾಗಾ ತೋರಸಾಕನ ಬಂದಬಿಟ್ಟ.

"ಈಕೀನ್ನ ಇವತ್ತ ಬಿಡಸ್ತೀನಿ!" ಅಂತ ಕೋಲು ನೆಲಕ್ಕ ಕುಟ್ಟಿದ.

ಕೋಲು ಹಪ್ಪಳದಂಗ ಪಟಕ್ಕನ ಮುರೀತು. ಒಂದ ತುಂಡು ಆತನ ಕೈಯಾಗ, ಒಂದು ನೆಲದ ಮ್ಯಾಲೆ, ನಡುವ ಬೂದಿಬಣ್ಣದ ಪುಡಿ. ನನ್ನ ಮುಂದ ಬಿಚ್ಚಿದ ಗೇಮ್ ಪೆಟಿಗಿ, ಅದರ ಮ್ಯಾಲೆ ಹನಿ ನಡಗಾಕತ್ತಿತ್ತು. ತಿರುಗಿ ನೋಡೂದ್ರಾಗ ಶಿರಹಟ್ಟಿಯಾಂವ ರಸ್ತಾ ದಾಟಿದ್ದ.

ಮಾಲಕಜ್ಜ ಗ್ವಾಡಿ ಹಿಡಕೊಂಡ ನಿಂತ. "ತಂಗೀ, ನಿನಗ ಎಷ್ಟ ವರ್ಷ ಬೇಕೋ ಅಷ್ಟ ಇರವಾ."

ನನಗ ಸಿಟ್ಟ ಬಂತು. ಇಷ್ಟ ಓದಿ, ದೆವ್ವದ ಹೆಸರಲೆ ಅಂಗಡಿ ಉಳಿಸ್ಕೊಳ್ಳೂದ? ಕುಂಡ್ರಸಿ ಬಿಡಿಸಿ ಹೇಳಿದೆ: "ನಿಮ್ಮದು ಅಲ್ಯೂಮಿನಿಯಮ್ ಕೋಲ್ರಿ. ನಿನ್ನಿ ಮೇಜಿನ ಮ್ಯಾಲೆ ಒಗದಾಗ ಹನಿ ಹತ್ತೇತಿ. ಗೀರು ಇದ್ದಲ್ಲೆ ಇದು ಒಳಗ ಇಳದು ಅಲ್ಯೂಮಿನಿಯಮ್ ತಿಂತೈತಿ. ತಪ್ಪು ನಂದು, ಹೊಸಾ ಕೋಲು ಕೊಡಸ್ತೀನಿ. ದೆವ್ವ ಅಲ್ರಿ."

ಆತ ಬಗ್ಗಿ ಪುಡಿ ಬೆರಳಿಲೆ ಸವರಿ ನೋಡಿದ.

"ಮ್ಯಾಲಿಂದ ಏನೂ ಕಾಣೂದಿಲ್ಲ?"

"ಇಲ್ರಿ."

"ಒಂದ ದಿನಾ ಸಾಕು?"

"ಸಾಕ್ರಿ."

"ಆಮ್ಯಾಲೆ ಭಾರ ಬಿದ್ರ ಪಟಕ್ಕನ?"

"ಹೂನ್ರಿ ಅಜ್ಜಾರ."

ಆತ ಬಾಗಲದ ಕಡೆ ಒಮ್ಮೆ ನೋಡಿ, ನನ್ನ ಕಿವಿ ಹತ್ರ ಬಗ್ಗಿದ.

"ಐತಾರ ನಮ್ಮ ಬೀಗರು ಬರ್ತಾರವಾ, ಬಂದು ಕುಂತ್ರ ತಿಂಗಳಗಟ್ಟಲೆ ಏಳೂದಿಲ್ಲ. ಶನಿವಾರ ಒಂದ ಅಲ್ಯೂಮಿನಿಯಮ್ ಖುರ್ಚಿ ಕೆಳಗ ಕಳಸ್ತೀನಿ, ಗೀರು ನಾನ ಹಾಕಿರ್ತೀನಿ."